ಅಮೆರಿಕದಲ್ಲಿ ಪ್ರಿ-ಮೆಡ್: ಕೈಯಲ್ಲಿರುವ ಎರಡು ಪ್ರವೇಶಪತ್ರಗಳಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು?

ಮಾರ್ಚ್ ಕೊನೆಯ ಹೊತ್ತಿಗೆ ಕಾಲೇಜುಗಳ ಪ್ರವೇಶಪತ್ರಗಳೆಲ್ಲ ಬಂದಿರುತ್ತವೆ. ಮೇ 1ರೊಳಗೆ ಒಂದಕ್ಕೆ ಮುಂಗಡ ಕಟ್ಟಬೇಕು. ಯುಗಾದಿಯೂ ಇದೇ ಆಸುಪಾಸಿನಲ್ಲಿ ಬರುವುದರಿಂದ, ಕನ್ನಡ ಕೂಟದ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತವರೆಲ್ಲರೂ ನಿಮ್ಮ ಮಗಳ ಭವಿಷ್ಯದ ಬಗ್ಗೆ ಒಂದೊಂದು ಮಾತು ಹೇಳುತ್ತಾರೆ. ಊರಿನಿಂದ ಫೋನ್ ಮಾಡುವ ಸೋದರಮಾವನ ಪ್ರಶ್ನೆ ಇನ್ನೂ ಸರಳ: ‘ಡಾಕ್ಟರ್ ಆಗಬೇಕಾದವಳು ಮೊದಲು ನಾಲ್ಕು ವರ್ಷ ಬೇರೆ ಏನನ್ನೋ ಯಾಕೆ ಓದಬೇಕು?’

ಅವರಿಗೆ ಉತ್ತರ ಹೇಳಿಯೇ ಮುಂದೆ ಹೋಗೋಣ. ನಮ್ಮಲ್ಲಿ ಪಿಯುಸಿ ಮುಗಿಸಿ, ನೀಟ್ ಬರೆದು, ನೇರವಾಗಿ ಎಂಬಿಬಿಎಸ್‌ಗೆ ಸೇರುತ್ತಾರೆ. ಅಮೆರಿಕದಲ್ಲಿ ವೈದ್ಯಕೀಯ ಕಾಲೇಜಿಗೆ ಸೇರಲು ಮೊದಲು ಪದವಿ ಬೇಕು. ಪ್ರಿ-ಮೆಡ್ ಎನ್ನುವುದು ಆ ಪದವಿಯ ಹೆಸರಲ್ಲ, ವಿಭಾಗವೂ ಅಲ್ಲ. ಜೀವಶಾಸ್ತ್ರ, ಸಾಮಾನ್ಯ ಮತ್ತು ಸಾವಯವ ರಸಾಯನಶಾಸ್ತ್ರ, ಭೌತಶಾಸ್ತ್ರ, ಜೀವರಸಾಯನಶಾಸ್ತ್ರ, ಸಂಖ್ಯಾಶಾಸ್ತ್ರ, ಇಂಗ್ಲಿಷ್, ಸ್ವಲ್ಪ ಮನಶ್ಶಾಸ್ತ್ರ, ಸಮಾಜಶಾಸ್ತ್ರ, ಇವಿಷ್ಟನ್ನು ಓದಿ ವೈದ್ಯಕೀಯ ಕಾಲೇಜುಗಳ ಪ್ರವೇಶ ಪರೀಕ್ಷೆಯಾದ ಎಂಕ್ಯಾಟ್ ಬರೆಯುವ ದಾರಿಗೆ ಜನ ಇಟ್ಟುಕೊಂಡ ಹೆಸರು ಅದು. ಚರಿತ್ರೆಯನ್ನೋ ಸಂಗೀತವನ್ನೋ ಮೇಜರ್ (ಮುಖ್ಯ ವಿಷಯ) ಮಾಡಿಕೊಂಡೂ ಈ ದಾರಿಯಲ್ಲಿ ನಡೆಯಬಹುದು. ಆದ್ದರಿಂದ ‘ಯಾವ ಕಾಲೇಜಿನ ಪ್ರಿ-ಮೆಡ್ ಚೆನ್ನಾಗಿದೆ’ ಎಂದು ಕೇಳಿದರೆ ಕೆಲಸಕ್ಕೆ ಬರುವ ಉತ್ತರ ಸಿಗುವುದಿಲ್ಲ. ಈ ವಿದ್ಯಾರ್ಥಿನಿ ಎಲ್ಲಿ ಒಳ್ಳೆಯ ಅಂಕ ತೆಗೆದು, ಆರೋಗ್ಯವಾಗಿದ್ದು, ಕೈಯಲ್ಲಿ ಒಂದಿಷ್ಟು ಹಣ ಉಳಿಸಿಕೊಂಡು ಹೊರಬರುತ್ತಾಳೆ ಎಂಬುದೇ ಕೇಳಬೇಕಾದ ಪ್ರಶ್ನೆ.

ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದು ಜೋಡಿಯನ್ನು ಎದುರಿಗಿಟ್ಟುಕೊಳ್ಳುತ್ತೇನೆ. ಡಾಲಸ್ ಪಕ್ಕದ ಫ್ರಿಸ್ಕೊದಲ್ಲಿರುವ ಒಂದು ಕನ್ನಡ ಮನೆ. ಅಪ್ಪ ಅಮ್ಮ ಇಬ್ಬರೂ ಸಾಫ್ಟ್‌ವೇರ್ ಉದ್ಯೋಗಿಗಳು. ಮಗಳಿಗೆ ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲೂ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್‌ನಲ್ಲೂ ಪ್ರವೇಶ ಸಿಕ್ಕಿದೆ. ಹಾಪ್ಕಿನ್ಸ್‌ನಿಂದ ಧನಸಹಾಯ ಬಂದಿಲ್ಲ. ನಿಮ್ಮ ಜೋಡಿ ಬೇರೆಯದಿರಬಹುದು, ಲೆಕ್ಕ ಹಾಕುವ ಕ್ರಮ ಬದಲಾಗುವುದಿಲ್ಲ.

ಹೆಜ್ಜೆ 1: ವೀಸಾ ಕಡತ ತೆಗೆಯಿರಿ

ಕ್ಯಾಂಪಸ್ಸಿನ ಚಿತ್ರಗಳಿಗೂ ಮೊದಲು ನೋಡಬೇಕಾದದ್ದು ಇದು. ಮಗಳು ಅಮೆರಿಕದ ಪ್ರಜೆಯೋ, ಗ್ರೀನ್ ಕಾರ್ಡ್ ಇದೆಯೋ ಅಥವಾ ಇನ್ನೂ ಹೆತ್ತವರ ಉದ್ಯೋಗ ವೀಸಾದ ಆಸರೆಯ ಎಚ್-4ರಲ್ಲಿ ಇದ್ದಾಳೋ? ಎಚ್-4 ಅವಲಂಬಿತರಿಗೆ 21 ತುಂಬಿದೊಡನೆ ಆ ಸ್ಥಾನ ಹೋಗುತ್ತದೆ. ಗ್ರೀನ್ ಕಾರ್ಡಿನ ಸರದಿಯಲ್ಲಿ ವರ್ಷಗಟ್ಟಲೆ ಕಾಯುತ್ತಿರುವ ಭಾರತೀಯರ ಮಕ್ಕಳಲ್ಲಿ ಎಷ್ಟೋ ಮಂದಿ ಪದವಿಯ ನಡುವೆಯೇ ಎಫ್-1 ವಿದ್ಯಾರ್ಥಿ ವೀಸಾಕ್ಕೆ ಬದಲಾಗುತ್ತಾರೆ. ಅಲ್ಲಿಂದ ಮುಂದೆ ಅವರು ವಿದೇಶಿ ಅಭ್ಯರ್ಥಿಗಳು. ಅಮೆರಿಕದ ವೈದ್ಯಕೀಯ ಕಾಲೇಜುಗಳಲ್ಲಿ ಬಹಳಷ್ಟು ಪ್ರಜೆಗಳ ಮತ್ತು ಗ್ರೀನ್ ಕಾರ್ಡ್ ಉಳ್ಳವರ ಅರ್ಜಿಗಳನ್ನು ಮಾತ್ರ ಪರಿಗಣಿಸುತ್ತವೆ. ವಿದೇಶಿಯರಿಗೆ ಅವಕಾಶ ಕೊಡುವ ಕಾಲೇಜುಗಳಲ್ಲೂ ಕೆಲವು ಒಂದರಿಂದ ನಾಲ್ಕು ವರ್ಷದ ಶುಲ್ಕವನ್ನು ಮುಂಚಿತವಾಗಿಯೇ ಠೇವಣಿ ಇಡಿಸುತ್ತವೆ. ಸರ್ಕಾರದ ಸಾಲವಂತೂ ಸಿಗುವುದಿಲ್ಲ.

ವೈದ್ಯಕೀಯ ಕಾಲೇಜುಗಳ ಒಕ್ಕೂಟವಾದ ಎಎಎಂಸಿ ನಡೆಸುವ ‘ಎಂಸಾರ್’ ಎಂಬ ಮಾಹಿತಿಕೋಶದಲ್ಲಿ ಯಾವ ಕಾಲೇಜು ಯಾರನ್ನು ತೆಗೆದುಕೊಳ್ಳುತ್ತದೆ ಎಂಬ ವಿವರ ಸಿಗುತ್ತದೆ. ಅದರ ಪೂರ್ಣ ಬಳಕೆಗೆ ಸಣ್ಣ ಚಂದಾ ಇದೆ, ಕೊಡಿ. ಮಗಳು ಈ ಪರಿಸ್ಥಿತಿಯಲ್ಲಿದ್ದರೆ ಎರಡು ವಿಶ್ವವಿದ್ಯಾಲಯಗಳ ಹೋಲಿಕೆಯ ರೀತಿಯೇ ಬದಲಾಗುತ್ತದೆ. ವಿದೇಶಿ ಅಭ್ಯರ್ಥಿಗಳನ್ನು ತೆಗೆದುಕೊಳ್ಳುವವುಗಳಲ್ಲಿ ಹೆಚ್ಚಿನವು ಸಂಶೋಧನೆಗೆ ಹೆಸರಾದ ಖಾಸಗಿ ಕಾಲೇಜುಗಳು, ಅಲ್ಲಿ ಸ್ಪರ್ಧೆ ಇನ್ನೂ ಬಿರುಸು. ವೈದ್ಯಕೀಯದ ಬಾಗಿಲು ತೆರೆಯದಿದ್ದರೂ ಕೈ ಹಿಡಿಯುವ ಪದವಿ ಎಲ್ಲಿ ಸಿಗುತ್ತದೆ ಎಂಬುದನ್ನು ಇಂಥ ಮನೆಯವರು ಎಲ್ಲರಿಗಿಂತ ಮೊದಲು ಯೋಚಿಸಬೇಕು.

ಹೆಜ್ಜೆ 2: ‘ನಮ್ಮಲ್ಲಿ ಶೇಕಡ 85 ಮಂದಿಗೆ ಸೀಟು’ ಎಂಬ ಮಾತನ್ನು ಬಿಡಿಸಿ ನೋಡಿ

ಪದವಿ ಕಾಲೇಜುಗಳ ಪ್ರಚಾರ ಸಭೆಗಳಲ್ಲಿ ವೈದ್ಯಕೀಯ ಸೀಟಿನ ಬಗ್ಗೆ ಇಂಥ ಅಂಕಿ ಕೇಳಿಸದೆ ಇರುವುದಿಲ್ಲ. ಅದು ಸುಳ್ಳೇ ಆಗಿರಬೇಕೆಂದಿಲ್ಲ, ಆದರೆ ಯಾರನ್ನು ಎಣಿಸಿದ್ದಾರೆ ಎಂಬುದರಲ್ಲಿ ಅದರ ಕೀಲಿ ಇದೆ.

ಇಡೀ ದೇಶದ ಲೆಕ್ಕ ಮೊದಲು ತಲೆಯಲ್ಲಿರಲಿ. ಎಂಡಿ ಪದವಿ (ಅಲ್ಲಿ ಇದು ನಮ್ಮ ಎಂಬಿಬಿಎಸ್‌ನಂತೆ ಮೊದಲ ವೈದ್ಯಕೀಯ ಪದವಿ) ಕೊಡುವ ಕಾಲೇಜುಗಳಿಗೆ ಈಚಿನ ವರ್ಷಗಳಲ್ಲಿ ಸುಮಾರು 52,000 ಮಂದಿ ಅರ್ಜಿ ಹಾಕಿದರೆ ಸುಮಾರು 23,000 ಮಂದಿ ಸೇರುತ್ತಾರೆ. ಅರ್ಧಕ್ಕೂ ಹೆಚ್ಚು ಜನರಿಗೆ ಆ ವರ್ಷ ಸೀಟಿಲ್ಲ. ಹೀಗಿರುವಾಗ ಒಂದು ಕಾಲೇಜು ಶೇಕಡ 85 ಎನ್ನುತ್ತದೆ ಎಂದರೆ, ಅಲ್ಲಿನ ವಿದ್ಯಾರ್ಥಿಗಳು ಬುದ್ಧಿವಂತರಿರಬಹುದು, ಅಥವಾ ಕಡಿಮೆ ಅಂಕದವರು ಅರ್ಜಿಯ ಹಂತಕ್ಕೆ ಬರುವ ಮೊದಲೇ ಜರಡಿಯಲ್ಲಿ ಉಳಿದಿರಬಹುದು. ಕೆಲವು ಕಾಲೇಜುಗಳಲ್ಲಿ ಅರ್ಜಿದಾರರಿಗೆ ಸಮಿತಿಯ ಶಿಫಾರಸು ಪತ್ರ ಕೊಡುವ ಪದ್ಧತಿ ಇದೆ. ಇಂತಿಷ್ಟು ಜಿಪಿಎ (4ಕ್ಕೆ ಲೆಕ್ಕ ಹಾಕುವ ಸರಾಸರಿ ಅಂಕ) ಇಲ್ಲದವರಿಗೆ ಆ ಪತ್ರವನ್ನು ಕೊಡದೆ, ‘ಈ ವರ್ಷ ಬೇಡ’ ಎಂದು ಬುದ್ಧಿ ಹೇಳಿ ಕಳಿಸುವ ಕಾಲೇಜುಗಳಿವೆ. ಅವರು ಅರ್ಜಿದಾರರ ಲೆಕ್ಕಕ್ಕೇ ಬರುವುದಿಲ್ಲ.

ಎರಡೂ ಕಡೆಯ ಸಲಹಾ ಕಚೇರಿಗೆ ಮಗಳೇ ಮಿಂಚಂಚೆ ಬರೆದು ಇವನ್ನು ಕೇಳಲಿ. ಮೊದಲ ವರ್ಷ ಪ್ರಿ-ಮೆಡ್ ಎಂದುಕೊಂಡು ಬಂದವರಲ್ಲಿ ಕೊನೆಗೆ ಅರ್ಜಿ ಹಾಕುವವರು ಎಷ್ಟು ಮಂದಿ? ಸಮಿತಿಯ ಪತ್ರವಿದೆಯೇ, ಅದಕ್ಕೆ ಕನಿಷ್ಠ ಅಂಕದ ನಿಯಮವಿದೆಯೇ? ನೀವು ಹೇಳುವ ಶೇಕಡಾವಾರಿನಲ್ಲಿ ಮೊದಲ ಸಲ ಅರ್ಜಿ ಹಾಕಿದವರು ಮಾತ್ರ ಇದ್ದಾರೆಯೇ? ಎಂಡಿ ಜೊತೆಗೆ ಡಿಓ (ಆಸ್ಟಿಯೋಪಥಿಕ್, ವೈದ್ಯರಾಗುವ ಇನ್ನೊಂದು ಪದವಿ) ಕಾಲೇಜುಗಳನ್ನೂ ಸೇರಿಸಿದ್ದೀರಾ? ಒಬ್ಬ ಸಲಹೆಗಾರರಿಗೆ ಎಷ್ಟು ವಿದ್ಯಾರ್ಥಿಗಳು? ಉತ್ತರ ಎಷ್ಟು ದಿನಕ್ಕೆ ಬಂತು, ಎಷ್ಟು ಬಿಚ್ಚುಮನಸ್ಸಿನಿಂದ ಬಂತು ಎಂಬುದನ್ನೂ ಬರೆದಿಟ್ಟುಕೊಳ್ಳಿ. ಮೂರು ವರ್ಷದ ನಂತರ ಅವಳು ಬಾಗಿಲು ತಟ್ಟಬೇಕಾದದ್ದು ಅದೇ ಕಚೇರಿಯನ್ನು.

ಎಎಎಂಸಿ ಪ್ರತಿವರ್ಷ ಯಾವ ಯಾವ ಪದವಿ ಕಾಲೇಜಿನಿಂದ ಎಷ್ಟು ಅರ್ಜಿ ಬಂದವು ಎಂಬ ಪಟ್ಟಿ ಹೊರಡಿಸುತ್ತದೆ. ಅದರ ಮೇಲ್ತುದಿಯಲ್ಲಿ ಯುಸಿಎಲ್‌ಎ, ಆಸ್ಟಿನ್, ಫ್ಲಾರಿಡಾ, ಮಿಶಿಗನ್‌ಗಳಂಥ ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯಗಳು ಕಾಣುತ್ತವೆ. ಸೀಟು ಎಷ್ಟು ಮಂದಿಗೆ ಸಿಕ್ಕಿತು ಎಂಬುದು ಆ ಪಟ್ಟಿಯಲ್ಲಿ ಇಲ್ಲ. ಆದರೆ ‘ಸ್ಟೇಟ್ ಕಾಲೇಜಿನಿಂದ ಯಾರು ಡಾಕ್ಟರ್ ಆಗುತ್ತಾರೆ’ ಎನ್ನುವವರ ಮುಂದಿಡಲು ಅಷ್ಟು ಸಾಕು.

ಹೆಜ್ಜೆ 3: ಮೊದಲ ವರ್ಷದ ರಸಾಯನಶಾಸ್ತ್ರದ ಮೇಲೆ ಕಣ್ಣಿಡಿ

ಇಡೀ ಆಯ್ಕೆಯಲ್ಲಿ ಹೆಚ್ಚು ಹೊತ್ತು ಕೊಡಬೇಕಾದ ಜಾಗ ಇದು, ಹೆತ್ತವರು ಕಡಿಮೆ ನೋಡುವ ಜಾಗವೂ ಇದೇ.

ಎಂಡಿ ಕಾಲೇಜುಗಳ ಸಾಮಾನ್ಯ ಅರ್ಜಿಯಾದ ಆಮ್‌ಕಾಸ್‌ನಲ್ಲಿ ಕಾಲೇಜಿನ ಪ್ರತಿಯೊಂದು ಅಂಕವೂ ದಾಖಲಾಗುತ್ತದೆ. ಒಂದು ಪಾಠವನ್ನು (ಕೋರ್ಸನ್ನು) ಮತ್ತೊಮ್ಮೆ ತೆಗೆದುಕೊಂಡು ಒಳ್ಳೆಯ ಅಂಕ ಗಳಿಸಿದರೂ ಹಳೆಯದು ಅಳಿಸಿಹೋಗುವುದಿಲ್ಲ, ಎರಡೂ ಲೆಕ್ಕಕ್ಕೆ ಬರುತ್ತವೆ. ಒಟ್ಟು ಜಿಪಿಎ ಜೊತೆಗೆ ಜೀವಶಾಸ್ತ್ರ, ರಸಾಯನ, ಭೌತ, ಗಣಿತಗಳ ಜಿಪಿಎಯನ್ನು ಬೇರೆಯಾಗಿಯೂ ತೆಗೆಯುತ್ತಾರೆ. ವೈದ್ಯಕೀಯ ಕಾಲೇಜು ಸೇರುವವರ ಸರಾಸರಿ ಜಿಪಿಎ 3.8ರ ಹತ್ತಿರ ಇದೆ, ಎಂಕ್ಯಾಟ್ ಸರಾಸರಿ 528ಕ್ಕೆ 512ರ ಹತ್ತಿರ.

ಈಗ ಒಂದು ಕಾಗದದ ಮೇಲೆ ಲೆಕ್ಕ ಹಾಕೋಣ. ಮೊದಲ ವರ್ಷ 32 ಕ್ರೆಡಿಟ್. ನಾಲ್ಕು ಕ್ರೆಡಿಟ್‌ನ ರಸಾಯನಶಾಸ್ತ್ರದಲ್ಲಿ ಬಿ ಮೈನಸ್, ಅಂದರೆ 2.7. ಉಳಿದ 28 ಕ್ರೆಡಿಟ್‌ಗಳಲ್ಲಿ ಸರಾಸರಿ 3.9. ಒಟ್ಟು 3.75. ಗಾಬರಿಯಾಗಬೇಕಿಲ್ಲ. ಆದರೆ ರಸಾಯನ, ಜೀವಶಾಸ್ತ್ರ ಎರಡರಲ್ಲೂ ಸಿ ಪ್ಲಸ್, ಅಂದರೆ 2.3 ಬಂದರೆ, ಉಳಿದದ್ದೆಲ್ಲ 3.9 ಇದ್ದರೂ ವರ್ಷದ ಕೊನೆಗೆ ಕೈಯಲ್ಲಿರುವುದು 3.5. ಅಲ್ಲಿಂದ 120 ಕ್ರೆಡಿಟ್ ಮುಗಿಯುವಷ್ಟರಲ್ಲಿ 3.75ಕ್ಕೆ ಏರಬೇಕಾದರೆ ಮಿಕ್ಕ 88 ಕ್ರೆಡಿಟ್‌ಗಳಲ್ಲೂ 3.84 ಕಾಯ್ದುಕೊಳ್ಳಬೇಕು, ಸಾವಯವ ರಸಾಯನವನ್ನೂ ಭೌತಶಾಸ್ತ್ರವನ್ನೂ ಸೇರಿಸಿ. ಎರಡು ಪಾಠಗಳು ಮೂರು ವರ್ಷದ ನಿದ್ದೆ ಕೆಡಿಸುವುದು ಹೀಗೆ.

ಅಂಕ ಕೊಡುವ ಧಾರಾಳತನ ಎಲ್ಲ ಕಡೆ ಒಂದೇ ಅಲ್ಲ. ಪ್ರಿನ್ಸ್‌ಟನ್ 2004ರಲ್ಲಿ ‘ಎ’ ಶ್ರೇಣಿಯ ಅಂಕಗಳು ಶೇಕಡ 35 ದಾಟಬಾರದೆಂದು ವಿಭಾಗಗಳಿಗೆ ಸೂಚಿಸಿ, ಹತ್ತು ವರ್ಷ ಆ ನೀತಿಯನ್ನು ಇಟ್ಟುಕೊಂಡು, 2014ರಲ್ಲಿ ಕೈಬಿಟ್ಟಿತು. ಎಂಐಟಿಯಲ್ಲಿ ಮೊದಲ ಸೆಮಿಸ್ಟರಿನ ಅಂಕಗಳು ಪಾಸಾದರೆ ‘ಪಾಸ್’ ಎಂದಷ್ಟೇ ದಾಖಲಾಗುತ್ತವೆ, ಹೊಸಬರಿಗೆ ಉಸಿರಾಡಲು ಜಾಗ ಸಿಗುತ್ತದೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ 2022ರಲ್ಲಿ ಸಾವಯವ ರಸಾಯನದ ಸುಮಾರು 350 ವಿದ್ಯಾರ್ಥಿಗಳಲ್ಲಿ 82 ಮಂದಿ ಪಾಠ ಮತ್ತು ಅಂಕಗಳ ಬಗ್ಗೆ ಮನವಿ ಬರೆದು, ಕೊನೆಗೆ ಪ್ರಾಧ್ಯಾಪಕರೇ ಹುದ್ದೆ ಕಳೆದುಕೊಂಡ ಸುದ್ದಿ ದೇಶವಿಡೀ ಚರ್ಚೆಯಾಯಿತು. ಯಾರದು ಸರಿ ಎಂಬ ಜಗಳ ನಮಗೆ ಬೇಡ. ಈ ಒಂದು ಪಾಠಕ್ಕೆ ಪ್ರಿ-ಮೆಡ್ ಬದುಕಿನಲ್ಲಿ ಎಷ್ಟು ತೂಕವಿದೆ ಎಂಬುದು ಗೊತ್ತಾದರೆ ಸಾಕು.

ನೀವು ಮಾಡಬೇಕಾದದ್ದು: ಎರಡೂ ವಿಶ್ವವಿದ್ಯಾಲಯಗಳ ಮುಂದಿನ ಸೆಮಿಸ್ಟರಿನ ತರಗತಿ ವೇಳಾಪಟ್ಟಿಯನ್ನು ಅಂತರಜಾಲದಲ್ಲಿ ತೆರೆದು ಸಾಮಾನ್ಯ ರಸಾಯನಶಾಸ್ತ್ರ ಹುಡುಕಿ. ಒಂದು ತರಗತಿಗೆ ಎಷ್ಟು ಮಂದಿ, ಸಣ್ಣ ಗುಂಪಿನ ಚರ್ಚಾ ತರಗತಿ ಇದೆಯೇ, ಪ್ರಯೋಗಾಲಯ ಎಷ್ಟು ಗಂಟೆ? ಹಳೆಯ ಪಾಠಪಟ್ಟಿ ಸಿಕ್ಕರೆ ಅಂಕಕ್ರಮ ಓದಿ. ತರಗತಿಯ ಸರಾಸರಿಗೆ ಹೋಲಿಸಿ ಅಂಕ ಕೊಡುತ್ತಾರೋ, 90 ಬಂದವರಿಗೆಲ್ಲ ‘ಎ’ ಕೊಡುತ್ತಾರೋ? ಟೆಕ್ಸಾಸ್‌ನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಯಾವ ಪಾಠದಲ್ಲಿ ಎಷ್ಟು ಮಂದಿಗೆ ಎ, ಬಿ, ಸಿ ಬಂತೆಂಬ ಹಂಚಿಕೆ ಸಾರ್ವಜನಿಕವಾಗಿ ಸಿಗುತ್ತದೆ. ಖಾಸಗಿ ಸಂಸ್ಥೆಗಳಿಗೆ ಆ ಹೊಣೆ ಇಲ್ಲ, ಅಲ್ಲಿ ಓದುತ್ತಿರುವವರನ್ನೇ ಕೇಳಬೇಕು.

ಹಾಗೆಂದು ಆಸ್ಟಿನ್ ಸುಲಭ, ಹಾಪ್ಕಿನ್ಸ್ ಕಷ್ಟ ಎಂದು ತೀರ್ಪು ಕೊಡಬೇಡಿ. ಆಸ್ಟಿನ್‌ನಲ್ಲಿ 50,000ಕ್ಕೂ ಹೆಚ್ಚು ವಿದ್ಯಾರ್ಥಿಗಳಿದ್ದಾರೆ. ನೂರಾರು ಮಂದಿಯ ತರಗತಿಯಲ್ಲಿ ಕೈ ಎತ್ತಲು ಹಿಂಜರಿಯುವ ಮಗುವಿಗೆ ಅಲ್ಲಿ ಕಳೆದುಹೋಗುವ ಭಯ ನಿಜವಾದದ್ದು. ಹಾಪ್ಕಿನ್ಸ್‌ನಲ್ಲಿ ತರಗತಿ ಚಿಕ್ಕದಿರಬಹುದು, ಆದರೆ ಪಕ್ಕದಲ್ಲಿ ಕೂತವರಲ್ಲಿ ಬಹುಪಾಲು ಜನ ಅವರವರ ಶಾಲೆಯ ಮೊದಲಿಗರು, ಡಾಕ್ಟರ್ ಆಗಲೆಂದೇ ಬಂದವರು. ಮಗಳ ಸ್ವಭಾವ ಯಾವುದಕ್ಕೆ ಹೊಂದುತ್ತದೆ ಎಂಬುದು ಹೈಸ್ಕೂಲಿನ ನಾಲ್ಕು ವರ್ಷ ನೋಡಿದ ನಿಮಗೆ ಗೊತ್ತಿರುತ್ತದೆ.

ಹೆಜ್ಜೆ 4: ಎಂಟು ವರ್ಷದ ಖರ್ಚು ಬರೆಯಿರಿ

ನಾಲ್ಕು ವರ್ಷದ್ದಲ್ಲ, ಎಂಟು. ದೊಡ್ಡ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಊಟ ವಸತಿ ಸೇರಿ ವರ್ಷಕ್ಕೆ 90,000 ಡಾಲರ್ ಆಸುಪಾಸು ಆಗುತ್ತದೆ. ಟೆಕ್ಸಾಸ್ ನಿವಾಸಿಗೆ ಆಸ್ಟಿನ್‌ನಲ್ಲಿ 30,000ದಿಂದ 35,000. ಧನಸಹಾಯ ಇಲ್ಲದಿದ್ದರೆ ನಾಲ್ಕು ವರ್ಷದ ವ್ಯತ್ಯಾಸ 2,20,000 ಡಾಲರ್ ಮುಟ್ಟುತ್ತದೆ. ಟೆಕ್ಸಾಸ್‌ನ ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ನಿವಾಸಿಗಳಿಗೆ ವರ್ಷದ ಶುಲ್ಕ 20,000 ಡಾಲರ್ ಆಸುಪಾಸು. ಅಂದರೆ ಆ ವ್ಯತ್ಯಾಸದ ಹಣದಲ್ಲಿ ನಾಲ್ಕೂ ವರ್ಷದ ವೈದ್ಯಕೀಯ ಶುಲ್ಕ ಕಟ್ಟಿ, ಬಾಡಿಗೆ ಊಟಕ್ಕೂ ಮಿಗುತ್ತದೆ.

‘ಸಾಲ ಮಾಡಿದರಾಯಿತು, ಡಾಕ್ಟರ್ ಆದಮೇಲೆ ತೀರಿಸುತ್ತಾಳೆ’ ಎಂಬ ಮಾತು ಈಗ ಮೊದಲಿನಷ್ಟು ಸಲೀಸಲ್ಲ. 2025ರ ಜುಲೈನಲ್ಲಿ ಬಂದ ಕಾನೂನಿನ ಪ್ರಕಾರ 2026ರ ಜುಲೈ 1ರಿಂದ ಹೊಸಬರಿಗೆ ಗ್ರ್ಯಾಡ್ ಪ್ಲಸ್, ಅಂದರೆ ಪದವಿಯ ನಂತರದ ಓದಿಗೆ ಸರ್ಕಾರ ಕೊಡುತ್ತಿದ್ದ ಸಾಲ, ಇಲ್ಲ. ವೈದ್ಯಕೀಯದಂಥ ವೃತ್ತಿಪರ ಓದಿಗೆ ಸರ್ಕಾರದ ಸಾಲ ವರ್ಷಕ್ಕೆ 50,000, ಒಟ್ಟು 2,00,000 ಡಾಲರ್ ಮಾತ್ರ. ಹೆತ್ತವರು ಪದವಿಗಾಗಿ ತೆಗೆಯುವ ಪೇರೆಂಟ್ ಪ್ಲಸ್ ಸಾಲಕ್ಕೂ ಒಂದು ಮಗುವಿಗೆ ವರ್ಷಕ್ಕೆ 20,000, ಒಟ್ಟು 65,000 ಡಾಲರಿನ ಮಿತಿ ಬಂದಿದೆ. ಅದರಾಚೆ ಬೇಕಾದರೆ ಖಾಸಗಿ ಬ್ಯಾಂಕು, ಹೆತ್ತವರ ಜಾಮೀನು, ಬ್ಯಾಂಕು ಹೇಳಿದ ಬಡ್ಡಿ. ಪದವಿಗೇ ಮನೆ ಅಡವಿಟ್ಟವರಿಗೆ ವೈದ್ಯಕೀಯದ ಹೊತ್ತಿಗೆ ಅಡವಿಡಲು ಏನೂ ಉಳಿದಿರುವುದಿಲ್ಲ.

ವೈದ್ಯಕೀಯ ಶಿಕ್ಷಣವನ್ನು ಉಚಿತವಾಗಿಯೂ ಕೊಡುವವರಿದ್ದಾರೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಗ್ರಾಸ್‌ಮನ್ ವೈದ್ಯಕೀಯ ಕಾಲೇಜು 2018ರಿಂದ, ಆಲ್ಬರ್ಟ್ ಐನ್‌ಸ್ಟೈನ್ ವೈದ್ಯಕೀಯ ಕಾಲೇಜು 2024ರಿಂದ ಬೋಧನಾ ಶುಲ್ಕ ತೆಗೆದುಕೊಳ್ಳುತ್ತಿಲ್ಲ. ಅದನ್ನು ನಂಬಿ ಬಜೆಟ್ ಹಾಕುವುದು ಮಾತ್ರ ಬೇಡ.

ಖಾಸಗಿ ಕಡೆಯ ಧನಸಹಾಯ ಕಚೇರಿಗೆ ಏಪ್ರಿಲ್‌ನಲ್ಲೇ ಮರುಪರಿಶೀಲನೆಯ ಮನವಿ ಬರೆಯಿರಿ. ಊರಿನಲ್ಲಿ ಅಪ್ಪ ಅಮ್ಮನ ಆಸ್ಪತ್ರೆಯ ಖರ್ಚು ನೀವು ಕಳಿಸುತ್ತಿದ್ದರೆ, ಒಬ್ಬರ ಕೆಲಸ ಹೋಗಿದ್ದರೆ ದಾಖಲೆಯೊಡನೆ ಹೇಳಿ. ಸಂಕೋಚಕ್ಕೆ ಇದು ಜಾಗವಲ್ಲ.

ಹೆಜ್ಜೆ 5: ನೀವು ಯಾವ ರಾಜ್ಯದವರು?

ಟೆಕ್ಸಾಸ್‌ನ ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಹೊರರಾಜ್ಯದವರು ಶೇಕಡ 10 ದಾಟುವಂತಿಲ್ಲ. ಅರ್ಜಿಗೂ ಟಿಎಂಡಿಎಸ್‌ಎಎಸ್ ಎಂಬ ಪ್ರತ್ಯೇಕ ವ್ಯವಸ್ಥೆ ಇದೆ. ಟೆಕ್ಸಾಸ್‌ನ ಮಕ್ಕಳಿಗೆ ಇದು ದೊಡ್ಡ ಆಸ್ತಿ. ಹೆತ್ತವರು ಅಲ್ಲೇ ನೆಲೆಸಿದ್ದರೆ ಮಗಳು ಬಾಲ್ಟಿಮೋರ್‌ನಲ್ಲಿ ಓದಿದ ಮಾತ್ರಕ್ಕೆ ಸಾಮಾನ್ಯವಾಗಿ ಅದು ಕೈ ತಪ್ಪುವುದಿಲ್ಲ. ನಡುವೆ ನೀವೇ ಕೆಲಸ ಬದಲಿಸಿ ಬೇರೆ ರಾಜ್ಯಕ್ಕೆ ಹೋದರೆ ಕಥೆ ಬೇರೆ. ಕ್ಯಾಲಿಫೋರ್ನಿಯಾದ ಕನ್ನಡಿಗರಿಗೆ ಈ ಸುಖವಿಲ್ಲ. ಅಲ್ಲಿ ಅರ್ಜಿದಾರರು ಬಹಳ, ಸೀಟು ಕಡಿಮೆ, ಡಾಕ್ಟರ್ ಆಗುವವರಲ್ಲಿ ಹೆಚ್ಚಿನವರು ಹೊರರಾಜ್ಯಕ್ಕೇ ಹೋಗುತ್ತಾರೆ.

ಹೆಜ್ಜೆ 6: ಆಸ್ಪತ್ರೆಗೆ ಎಷ್ಟು ದೂರ, ಬಾಗಿಲು ತೆರೆಯುವವರು ಯಾರು?

ಜಾನ್ಸ್ ಹಾಪ್ಕಿನ್ಸ್ ಎಂದೊಡನೆ 1889ರಲ್ಲಿ ತೆರೆದ ಆ ಜಗದ್ವಿಖ್ಯಾತ ಆಸ್ಪತ್ರೆ ಕಣ್ಣಮುಂದೆ ಬರುತ್ತದೆ. ಪದವಿ ವಿದ್ಯಾರ್ಥಿಗಳು ಇರುವುದು ಹೋಮ್‌ವುಡ್ ಕ್ಯಾಂಪಸ್ಸಿನಲ್ಲಿ. ಆಸ್ಪತ್ರೆ ನಗರದ ಪೂರ್ವ ಭಾಗದಲ್ಲಿ, ಕೆಲವು ಮೈಲಿ ಆಚೆ. ನಡುವೆ ವಿಶ್ವವಿದ್ಯಾಲಯದ ಉಚಿತ ಬಸ್ ಓಡಾಡುತ್ತದೆ. ಮಧ್ಯಾಹ್ನ ಒಂದರಿಂದ ಐದರವರೆಗೆ ಪ್ರಯೋಗಾಲಯ ಇರುವ ದಿನ ಹೋಗಿಬರುವುದು ಆಗದ ಮಾತು. ವಾರದಲ್ಲಿ ಎಷ್ಟು ಮಧ್ಯಾಹ್ನಗಳು ಖಾಲಿ ಸಿಗುತ್ತವೆ ಎಂಬುದನ್ನು ಮೂರನೇ ಹೆಜ್ಜೆಯಲ್ಲಿ ತೆರೆದ ವೇಳಾಪಟ್ಟಿಯೇ ಹೇಳುತ್ತದೆ. ಆಸ್ಟಿನ್‌ನಲ್ಲಿ ವೈದ್ಯಕೀಯ ಕಾಲೇಜು ತೀರ ಹೊಸದು. ಡೆಲ್ ಮೆಡಿಕಲ್ ಸ್ಕೂಲ್ ಮೊದಲ ತಂಡವನ್ನು ಸೇರಿಸಿಕೊಂಡದ್ದು 2016ರಲ್ಲಿ, ಪಕ್ಕದ ಬೋಧನಾ ಆಸ್ಪತ್ರೆ ತೆರೆದದ್ದು 2017ರಲ್ಲಿ. ಹೆಸರು ಹಾಪ್ಕಿನ್ಸ್‌ನಷ್ಟು ದೊಡ್ಡದಲ್ಲ, ಆದರೆ ಕ್ಯಾಂಪಸ್ಸಿನಿಂದ ನಡೆದೇ ಹೋಗಬಹುದು.

ಸಂಶೋಧನೆಯೇ ಮಗಳ ಒಲವಾಗಿದ್ದರೆ, ಎಂಡಿ ಜೊತೆ ಪಿಎಚ್‌ಡಿಯನ್ನೂ ಮಾಡುವ ಕನಸಿದ್ದರೆ, ಹಾಪ್ಕಿನ್ಸ್‌ನ ಪ್ರಯೋಗಾಲಯಗಳಿಗೆ ಸಾಟಿ ಸಿಗುವುದು ಕಷ್ಟ. ರೋಗಿಗಳ ಹತ್ತಿರ ಇರುವ ಅನುಭವಕ್ಕೆ ಅಷ್ಟು ದೊಡ್ಡ ಹೆಸರು ಬೇಕಿಲ್ಲ. ಬಡವರ ಉಚಿತ ಚಿಕಿತ್ಸಾಲಯ, ವೃದ್ಧಾಶ್ರಮ, ತುರ್ತು ವಾಹನದ ಕೆಲಸ, ವೈದ್ಯರ ಜೊತೆ ಬರಹಗಾರರಾಗಿ ಓಡಾಡುವ ಸ್ಕ್ರೈಬ್ ಕೆಲಸ, ಎಲ್ಲ ಊರಿನಲ್ಲೂ ಇವೆ. ಬೇಸಿಗೆಯಲ್ಲಿ ಊರಿಗೆ ಹೋಗಿ ಚಿಕ್ಕಪ್ಪನ ನರ್ಸಿಂಗ್ ಹೋಮಿನಲ್ಲಿ ಎರಡು ವಾರ ನಿಂತು ಬರುವುದನ್ನು ಅರ್ಜಿಯ ಮುಖ್ಯ ಅನುಭವವಾಗಿ ತೋರಿಸಲು ಹೊರಡುವವರಿದ್ದಾರೆ. ಒಂದೇ ಕಡೆ ವರ್ಷಗಟ್ಟಲೆ ವಾರವಾರ ಹೋದದ್ದರ ಮುಂದೆ ಅದು ನಿಲ್ಲುವುದಿಲ್ಲ.

ಶಿಫಾರಸು ಪತ್ರದ ಮಾತೂ ಇಲ್ಲಿಗೇ ಸೇರುತ್ತದೆ. ಹೆಸರು ಹಿಡಿದು ಕರೆಯುವಷ್ಟು ಪರಿಚಯವಿರುವ ಇಬ್ಬರು ವಿಜ್ಞಾನದ ಪ್ರಾಧ್ಯಾಪಕರು ಬೇಕು. ಅದು ಎಲ್ಲಿ ಸಾಧ್ಯ ಎಂದು ಕೇಳಿ ತಿಳಿಯಿರಿ.

ಹೆಜ್ಜೆ 7: ಅವಳು ಮನಸ್ಸು ಬದಲಿಸಿದರೆ?

ಈ ಪ್ರಶ್ನೆಯನ್ನು ನಮ್ಮ ಮನೆಗಳಲ್ಲಿ ಅಪಶಕುನದಂತೆ ಕಾಣುತ್ತಾರೆ. ಆದರೆ ಪ್ರಿ-ಮೆಡ್ ಎಂದು ಬಂದವರಲ್ಲಿ ಬಹಳ ಮಂದಿ ಬೇರೆ ದಾರಿ ಹಿಡಿಯುತ್ತಾರೆ, ಎಲ್ಲರೂ ಸೋತು ಹೋದವರಲ್ಲ. ಜಿಪಿಎ 3.8ರ ಆಚೆ, ಎಂಕ್ಯಾಟ್ 517ರ ಆಚೆ ಇದ್ದವರಲ್ಲೂ ಸುಮಾರು ಐವರಲ್ಲಿ ಒಬ್ಬರಿಗೆ ಎಂಡಿ ಸೀಟು ಸಿಗುವುದಿಲ್ಲ. ಆದ್ದರಿಂದ ಎರಡೂ ಕಡೆ ಅವಳಿಗೆ ಇಷ್ಟವಾದ ಇನ್ನೊಂದು ವಿಷಯ ಯಾವುದು, ಅದಕ್ಕೆ ನಡುವೆ ಬದಲಾಗಲು ಬಿಡುತ್ತಾರೆಯೇ ಎಂದು ನೋಡಿ. ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಕಂಪ್ಯೂಟರ್ ವಿಜ್ಞಾನ, ವಾಣಿಜ್ಯ, ನರ್ಸಿಂಗ್ ವಿಭಾಗಗಳಿಗೆ ಒಳಗಿನಿಂದ ವರ್ಗವಾಗುವುದು ಹೊರಗಿನಿಂದ ಬರುವುದಕ್ಕಿಂತ ಸುಲಭವೇನಲ್ಲ. ಖಾಸಗಿ ಕಡೆ ಈ ಬೇಲಿಗಳು ಸಾಮಾನ್ಯವಾಗಿ ತಗ್ಗು. ಹಾಪ್ಕಿನ್ಸ್‌ಗೆ ಹೆಚ್ಚು ಕೊಡುವುದಕ್ಕೆ ಕಾರಣ ಇದ್ದರೆ ಅದು ಇಲ್ಲಿದೆ ಎಂದು ನನಗೆ ಅನ್ನಿಸುತ್ತದೆ.

ಇನ್ನೊಂದು: ಈಗ ವೈದ್ಯಕೀಯ ಸೇರುವವರಲ್ಲಿ ಮೂರನೇ ಎರಡರಷ್ಟಕ್ಕೂ ಹೆಚ್ಚು ಮಂದಿ ಪದವಿಯ ನಂತರ ಒಂದೆರಡು ವರ್ಷ ಕೆಲಸ ಮಾಡಿ ಸೇರುತ್ತಾರೆ. 22ಕ್ಕೇ ಸೇರದಿದ್ದರೆ ಹಿಂದುಳಿದಳು ಎಂಬ ಲೆಕ್ಕವನ್ನು ಮನೆಯಲ್ಲಿ ಯಾರೂ ಬಾಯಿಗೆ ತರಬೇಡಿ.

ಹೆಜ್ಜೆ 8: ಹೋಗಿ ನೋಡಿ, ಆದರೆ ಮಾರ್ಗದರ್ಶಿಯ ಹಿಂದೆ ಮಾತ್ರ ಅಲ್ಲ

ಏಪ್ರಿಲ್‌ನ ಪ್ರವೇಶಿತರ ದಿನದಂದು ಬಲೂನು, ಟೀ ಶರ್ಟು, ನಗುಮುಖ ಎಲ್ಲ ಇರುತ್ತವೆ. ಸಾಧ್ಯವಾದರೆ ಹಿಂದಿನ ದಿನವೇ ತಲುಪಿ, ಒಂದು ರಸಾಯನಶಾಸ್ತ್ರ ತರಗತಿಯ ಹಿಂದಿನ ಸಾಲಿನಲ್ಲಿ ಕೂರಲು ಅನುಮತಿ ಕೇಳಿ. ರಾತ್ರಿ ಹತ್ತಕ್ಕೆ ಗ್ರಂಥಾಲಯದಲ್ಲಿ ಮಕ್ಕಳು ಗುಂಪಾಗಿ ಕೂತು ಒಬ್ಬರಿಗೊಬ್ಬರು ಹೇಳಿಕೊಡುತ್ತಿದ್ದಾರೋ, ಎಲ್ಲರೂ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಒಂಟಿಯಾಗಿದ್ದಾರೋ ನೋಡಿ. ಮೂರನೇ ವರ್ಷದವರನ್ನು ಮಾತಿಗೆ ಎಳೆಯಿರಿ. ಮೊದಲ ವರ್ಷದವರಿಗೆ ಇನ್ನೂ ಉತ್ಸಾಹ ಇಳಿದಿರುವುದಿಲ್ಲ. ಪ್ರಿ-ಮೆಡ್ ಬಿಟ್ಟವರೊಬ್ಬರು ಸಿಕ್ಕರೆ ಅವರ ಮಾತಿಗೆ ಹೆಚ್ಚು ಕಿವಿಗೊಡಿ. ಮಗಳು ಒಬ್ಬಳೇ ಮಾತಾಡಲಿ, ನೀವು ಕಾಫಿ ಕುಡಿಯುತ್ತಿರಿ.

ಹೆಜ್ಜೆ 9: ತೀರ್ಮಾನ

ಫ್ರಿಸ್ಕೊ ಮನೆಗೆ ನನ್ನ ಉತ್ತರ: ಧನಸಹಾಯ ಇಲ್ಲದ ಹಾಪ್ಕಿನ್ಸ್ ಮತ್ತು ರಾಜ್ಯದ ದರದ ಆಸ್ಟಿನ್ ನಡುವೆ ಆಸ್ಟಿನ್. ಹೆಸರಿಗೆ ಬೆಲೆಯೇ ಇಲ್ಲವೆಂದಲ್ಲ, ಸಂಶೋಧನೆಗೆ ಹೆಸರಾದ ಖಾಸಗಿ ವೈದ್ಯಕೀಯ ಕಾಲೇಜುಗಳು ಪದವಿಯ ಕಾಲೇಜನ್ನೂ ಗಮನಿಸುತ್ತವೆ. ಆದರೆ 3.5 ಜಿಪಿಎಯ ಕೊರತೆಯನ್ನು ಹೆಸರು ತುಂಬಿಕೊಡುವುದಿಲ್ಲ. ಎರಡರ ನಡುವಿನ ವ್ಯತ್ಯಾಸ ವರ್ಷಕ್ಕೆ 10,000 ಡಾಲರಿಗೆ ಇಳಿದರೆ ನನ್ನ ಉತ್ತರ ಬದಲಾಗಬಹುದು. ಹಣ ಉಳಿತಾಯದಲ್ಲೇ ಇದ್ದು, ಮಗಳು ಸಂಶೋಧನೆಯ ಹುಚ್ಚಿನವಳಾಗಿದ್ದರೆ ಆಗಲೂ ಬದಲಾಗಬಹುದು. ಪದವಿ ಮತ್ತು ವೈದ್ಯಕೀಯ ಎರಡಕ್ಕೂ ಒಟ್ಟಿಗೇ ಸೀಟು ಕೊಡುವ ಬ್ರೌನ್‌ನ ಎಂಟು ವರ್ಷದ ಕಾರ್ಯಕ್ರಮದಂಥದ್ದು ಕೈಯಲ್ಲಿದ್ದರೆ ಈ ಲೆಕ್ಕಗಳಲ್ಲಿ ಅರ್ಧ ಬೇಕಾಗುವುದಿಲ್ಲ, ಹದಿನೆಂಟರ ಹುಡುಗಿಗೆ ತಾನು ಡಾಕ್ಟರ್ ಆಗಬೇಕೆಂಬುದು ಖಚಿತವಿದೆಯೇ ಎಂಬ ಒಂದೇ ಪ್ರಶ್ನೆ ಉಳಿಯುತ್ತದೆ.

ಮುಂಗಡವನ್ನು ಒಂದೇ ಕಡೆ ಕಟ್ಟಿ. ಎರಡೂ ಕಡೆ ಕಟ್ಟಿ ಆಮೇಲೆ ನೋಡೋಣ ಎನ್ನುವುದು ನಿಯಮಕ್ಕೆ ವಿರುದ್ಧ, ಸಿಕ್ಕಿಬಿದ್ದರೆ ಪ್ರವೇಶವೇ ಹೋಗಬಹುದು. ಬೇಡವಾದದ್ದಕ್ಕೆ ಅದೇ ದಿನ ‘ಬರುವುದಿಲ್ಲ’ ಎಂದು ತಿಳಿಸಿ, ಕಾಯುವ ಪಟ್ಟಿಯಲ್ಲಿರುವ ಇನ್ನೊಬ್ಬರಿಗೆ ಆ ಜಾಗ ಸಿಗುತ್ತದೆ. ಬೇಸಿಗೆಯ ಪರಿಚಯ ಶಿಬಿರದಲ್ಲಿ ಪಾಠಗಳನ್ನು ಆರಿಸುವಾಗ ಮೊದಲ ಸೆಮಿಸ್ಟರಿಗೆ ವಿಜ್ಞಾನದ ಪಾಠ ಹೆಚ್ಚೆಂದರೆ ಎರಡು ಇರಲಿ. ಎಪಿ (ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ ಪರೀಕ್ಷೆ) ಅಂಕವಿದೆಯೆಂದು ಸಾಮಾನ್ಯ ರಸಾಯನವನ್ನು ಹಾರಿ ನೇರವಾಗಿ ಸಾವಯವಕ್ಕೆ ಕುಳಿತುಕೊಳ್ಳುವ ಮೊದಲು, ಎಪಿ ಕ್ರೆಡಿಟನ್ನು ಒಪ್ಪದ ವೈದ್ಯಕೀಯ ಕಾಲೇಜುಗಳೂ ಇವೆ ಎಂಬುದನ್ನು ಎಂಸಾರ್‌ನಲ್ಲಿ ಒಮ್ಮೆ ನೋಡಿಕೊಳ್ಳಲಿ.